ಬಳ್ಳಾರಿ ಬಿಸಿಲಲ್ಲಿ ಲೆಟ್ಯೂಸ್: ಅಂಗಡಿಯಿಂದ ತಟ್ಟೆಗೆ ಬರುವ ತನಕ

ಮೇ ತಿಂಗಳಲ್ಲಿ ಹತ್ತು ಜನರ ಊಟಕ್ಕೆ ಹಸಿ ಲೆಟ್ಯೂಸ್ ಸಲಾಡ್ ಮಾಡುವ ಕೆಲಸ ಈಗಷ್ಟೇ ಮುಗಿದಿದೆ. ಸೊಪ್ಪು ತಂದದ್ದು ಹಿಂದಿನ ಸಂಜೆ, ಬಡಿಸಿದ್ದು ಮರುದಿನ ರಾತ್ರಿ. ಈ ಒಂದು ದಿನದೊಳಗೆ ಎಲೆ ಎಲ್ಲೆಲ್ಲಿ ಕೈಕೊಡುತ್ತದೆ, ಯಾಕೆ ಕೈಕೊಡುತ್ತದೆ ಎಂಬುದನ್ನು ಬರೆದಿಡುತ್ತಿದ್ದೇನೆ. ಲೆಟ್ಯೂಸ್ ಬಗ್ಗೆ ಓದಲು ಸಿಗುವ ಸಲಹೆಗಳೆಲ್ಲ ತಂಪು ಊರಿನವರು ಬರೆದವು. 'ತಣ್ಣೀರಲ್ಲಿ ತೊಳೆಯಿರಿ' ಎಂದು ಒಂದೇ ಸಾಲಲ್ಲಿ ಮುಗಿಸಿಬಿಡುತ್ತಾರೆ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಬೇಸಿಗೆ ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಬರುವುದು ಸ್ನಾನಕ್ಕೆ ಆಗುವಂಥ ನೀರು. ಅದರಲ್ಲಿ ಅದ್ದಿದ ಎಲೆ ಅಲ್ಲೇ ಬಾಡುತ್ತದೆ.

ಲೆಟ್ಯೂಸ್ ಎಲೆಯಲ್ಲಿ ನೂರಕ್ಕೆ ತೊಂಬತ್ತೈದು ಪಾಲು ನೀರು. ಒಟ್ಟು ತೂಕದಲ್ಲಿ ನೂರಕ್ಕೆ ನಾಲ್ಕೈದು ಪಾಲು ನೀರು ಹಾರಿದರೆ ಸಾಕು, ಎಲೆ ಜೋತುಬೀಳುತ್ತದೆ. ಹಾಗಾಗಿ ಮಾಡಬೇಕಾದದ್ದು ಇಷ್ಟೇ: ಎಲೆಯೊಳಗೆ ನೀರು ತುಂಬಿರಬೇಕು, ಎಲೆಯ ಮೇಲೆ ಒಂದು ಹನಿಯೂ ಇರಬಾರದು. ಮುಂದೆ ಹೇಳುವ ಐಸು, ಬಟ್ಟೆ, ಡಬ್ಬಿ ಎಲ್ಲ ಇದಕ್ಕಾಗಿಯೇ.

ಮೊದಲು ಆಯ್ಕೆ. ನಮ್ಮ ಭಾಗದ ದೊಡ್ಡ ಅಂಗಡಿಗಳಿಗೆ ಬರುವುದು ಮುಖ್ಯವಾಗಿ ಮೂರು ಬಗೆ. ಎಲೆಕೋಸಿನಂತೆ ಉಂಡೆಯಾಗಿರುವ ಐಸ್‌ಬರ್ಗ್, ಉದ್ದ ಎಲೆಯ ರೋಮೇನ್, ಹಸಿರು ಅಥವಾ ಕೆಂಪು ಬಣ್ಣದ ಬಿಡಿ ಎಲೆಯದು. ಬೇಸಿಗೆಯಲ್ಲಿ ತರುವವರಿಗೆ ನನ್ನ ಮಾತು, ಮೊದಲು ಐಸ್‌ಬರ್ಗ್ ಅಥವಾ ರೋಮೇನ್ ನೋಡಿ. ಐಸ್‌ಬರ್ಗಿನ ಒಳಗಿನ ಎಲೆಗಳನ್ನು ಹೊರಗಿನ ಪದರಗಳು ಕಾಯುತ್ತವೆ, ರೋಮೇನಿನ ನಡುದಂಟು ದಪ್ಪವಾಗಿರುವುದರಿಂದ ತಡೆಯುತ್ತದೆ. ಬಿಡಿ ಎಲೆಯದು ನೋಡಲು ಚೆಂದ, ಆದರೆ ನಲವತ್ತು ಡಿಗ್ರಿಯಲ್ಲಿ ಅರ್ಧ ಗಂಟೆ ಸಿಕ್ಕಿಕೊಂಡರೆ ಮುಗಿಯಿತು. ಅದನ್ನು ನವೆಂಬರಿನಿಂದ ಫೆಬ್ರವರಿವರೆಗೆ ಇಟ್ಟುಕೊಳ್ಳಿ. ಬೇರು ಸಮೇತ ಮಾರುವ, ನೀರಿನಲ್ಲೇ ಬೆಳೆದ ಗಿಡ ಸಿಕ್ಕರೆ ಮಾತ್ರ ಬಿಡಿ ಎಲೆಯದನ್ನು ಬೇಸಿಗೆಯಲ್ಲೂ ತರಬಹುದು. ಬೇರಿಗೆ ಒದ್ದೆ ಕಾಗದ ಸುತ್ತಿಟ್ಟರೆ ಅದು ಉಳಿದವಕ್ಕಿಂತ ಹೆಚ್ಚು ದಿನ ಬಾಳುತ್ತದೆ.

ಕೈಗೆತ್ತಿಕೊಂಡಾಗ ಮೊದಲು ಬುಡ ನೋಡಬೇಕು. ಕೊಯ್ದ ಜಾಗ ಬಿಳಿಯಾಗಿ ಅಥವಾ ತಿಳಿ ಕಂದಾಗಿದ್ದರೆ ಹೊಸದು. ಕಡು ಕಂದಾಗಿ ಒಣಗಿ ಒಳಗೆ ಕುಸಿದಿದ್ದರೆ ಹಳೆಯದು, ಮೇಲೆ ಎಷ್ಟೇ ಹಸಿರಾಗಿ ಕಂಡರೂ ಬಿಡಿ. ತುಸು ಕಂದಿದ ಬುಡವೊಂದೇ ದೋಷವಲ್ಲ. ಎಲ್ಲ ಲೆಟ್ಯೂಸೂ ಕೊಯ್ದಲ್ಲಿ ಗಾಳಿ ತಾಗಿ ಕಂದುತ್ತದೆ. ಆಮೇಲೆ ತೂಕ. ಒಂದೇ ಗಾತ್ರದ ಎರಡು ಉಂಡೆಗಳನ್ನು ಎರಡು ಕೈಯಲ್ಲಿ ಹಿಡಿದು ಭಾರದ್ದನ್ನು ಆರಿಸಿ. ಐಸ್‌ಬರ್ಗ್ ಹಿಚುಕಿದರೆ ಸ್ವಲ್ಪ ಬಗ್ಗಬೇಕು. ಕಲ್ಲಿನಂತೆ ಗಟ್ಟಿಯಿದ್ದರೆ ಬಲಿತಿದೆ, ಕಹಿ ಇರುತ್ತದೆ. ರೋಮೇನಿನ ಬುಡದ ದಂಟು ಉದ್ದಕ್ಕೆ ಎದ್ದು, ಎಲೆಗಳು ಒಂದಕ್ಕೊಂದು ದೂರವಾಗಿ ಕಂಡರೆ ಗಿಡ ಹೂವಿಗೆ ಹೊರಟಿತ್ತು ಎಂದರ್ಥ. ಸೆಕೆ ತಾಗಿದ ಲೆಟ್ಯೂಸ್ ಹೀಗೆ ಬೇಗ ಹೂವಿಗೆ ಏಳುತ್ತದೆ, ಆಗ ಅದರ ಹಾಲು ಹೆಚ್ಚಾಗಿ ಎಲೆ ಕಹಿಯಾಗುತ್ತದೆ. ಆ ಕಹಿ ತೊಳೆದರೆ ಹೋಗುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ್ದರೆ ಚೀಲ ತಿರುಗಿಸಿ ತಳ ನೋಡಿ. ಕಂದು ನೀರು ನಿಂತಿದ್ದರೆ ಒಳಗೆ ಕೊಳೆತ ಶುರುವಾಗಿದೆ.

ಹಾಲು ಎಂದಾಗ ನಮ್ಮ ಕಡೆಯವರಿಗೆ ಹಕ್ಕರಕಿ ನೆನಪಾಗುತ್ತದೆ. ಹೊಲದ ಬದುವಿನಲ್ಲಿ ಕಿತ್ತು, ಜೋಳದ ರೊಟ್ಟಿ ಜೊತೆ ಹಸಿಯಾಗಿಯೇ ತಿನ್ನುವ ಆ ತಪ್ಪಲವನ್ನು ಮುರಿದರೂ ಬಿಳಿ ಹಾಲು ಬರುತ್ತದೆ. ಎರಡೂ ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬದವೇ. ಹಸಿ ತಪ್ಪಲ ತಿನ್ನುವುದು ಇಲ್ಲಿ ಹೊಸ ಫ್ಯಾಷನ್ ಅಲ್ಲ. ಮೆಂತ್ಯ, ಮೂಲಂಗಿ ಎಲೆ, ಹಸಿ ಉಳ್ಳಾಗಡ್ಡಿ ತಟ್ಟೆಯಲ್ಲಿ ಇದ್ದೇ ಇರುತ್ತವೆ. ಲೆಟ್ಯೂಸ್ ಆ ಸಾಲಿಗೆ ಸುಲಭವಾಗಿ ಸೇರುತ್ತದೆ, ಆದರೆ ಅದಕ್ಕೆ ಹಕ್ಕರಕಿಯ ಗಟ್ಟಿತನ ಇಲ್ಲ.

ಎಷ್ಟು ತರಬೇಕು? ಊಟದ ಜೊತೆ ಒಬ್ಬರಿಗೆ 60 ಗ್ರಾಂ ಶುದ್ಧ ಎಲೆ ಸಾಕು. ಬುಡ, ಹೊರ ಎಲೆ, ಕಂದಿದ ತುದಿ ತೆಗೆದ ಮೇಲೆ ಕಾಲು ಭಾಗ ಹೋಗುತ್ತದೆ, ಬೇಸಿಗೆಯಲ್ಲಿ ಮೂರರಲ್ಲಿ ಒಂದು ಭಾಗವೇ ಹೋದರೂ ಹೋಯಿತು. ಹತ್ತು ಜನರಿಗೆ 900 ಗ್ರಾಂ ಲೆಕ್ಕ ಹಿಡಿಯಿರಿ. ಒಂದು ಐಸ್‌ಬರ್ಗ್, ಎರಡು ರೋಮೇನ್ ತಂದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಹಣದ ವಿಷಯದಲ್ಲಿ ನೆನಪಿಡಬೇಕಾದದ್ದು, ಬಿಲ್ಲಿನ ಕಿಲೋ ದರ ನಿಜವಾದ ದರವಲ್ಲ. ತಿಪ್ಪೆಗೆ ಹೋಗುವ ಎಲೆಗೂ ದುಡ್ಡು ಕೊಟ್ಟಿರುತ್ತೀರಿ. ಹಾಗಾಗಿ ಹತ್ತಿಪ್ಪತ್ತು ರೂಪಾಯಿ ಹೆಚ್ಚಾದರೂ ಹೊಸದೇ ಅಗ್ಗ.

ಅಂಗಡಿಯಿಂದ ಮನೆಗೆ ತರುವ ದಾರಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅರ್ಧ ಹಾನಿ ಅಲ್ಲೇ ಆಗುತ್ತದೆ. ಬಿಸಿಲಿಗೆ ನಿಂತ ಸ್ಕೂಟರಿನ ಸೀಟಿನಡಿ ಜಾಗ ಕೈ ಇಡಲಾಗದಷ್ಟು ಕಾಯ್ದಿರುತ್ತದೆ, ಅಲ್ಲಿಡಬೇಡಿ. ಸಂಜೆ ಆರರ ಮೇಲೆ ಹೋಗಿ, ಉಳಿದ ಸಾಮಾನೆಲ್ಲ ತೆಗೆದುಕೊಂಡ ಮೇಲೆ ಕೊನೆಯಲ್ಲಿ ತಂಪು ಕಪಾಟಿನಿಂದ ಲೆಟ್ಯೂಸ್ ಎತ್ತಿಕೊಳ್ಳಿ. ಥರ್ಮೋಕೋಲ್ ಡಬ್ಬಿಯಲ್ಲಿ ಒಂದು ಬಾಟಲಿ ಮಂಜುಗಟ್ಟಿದ ನೀರಿಟ್ಟು, ಅದರ ಮೇಲೆ ದಪ್ಪ ಬಟ್ಟೆ ಹಾಸಿ, ಅದರ ಮೇಲೆ ಸೊಪ್ಪು ಇಡಿ. ಬಟ್ಟೆ ಇರಲೇಬೇಕು. ಎಲೆ ನೇರವಾಗಿ ಐಸಿಗೆ ತಾಗಿದ ಕಡೆ ಹೆಪ್ಪುಗಟ್ಟಿ, ಕರಗಿದಾಗ ಗಾಜಿನಂತೆ ಪಾರದರ್ಶಕವಾಗಿ ಮೆತ್ತಗಾಗುತ್ತದೆ. ಸಿಂಧನೂರು, ಕುಷ್ಟಗಿ, ಸಿರುಗುಪ್ಪದಂಥ ಕಡೆಯಿಂದ ಜಿಲ್ಲಾ ಕೇಂದ್ರಕ್ಕೆ ಬಂದು ಒಯ್ಯುವವರಿಗೆ ಈ ಡಬ್ಬಿ ಇಲ್ಲದೆ ಆಗುವುದೇ ಇಲ್ಲ.

ಮನೆಗೆ ಬಂದ ಮೇಲೆ ಆ ರಾತ್ರಿ ತೊಳೆಯದೆ ಇಡುವುದು ಒಳ್ಳೆಯದು. ಒದ್ದೆ ಎಲೆ ಮುಚ್ಚಿಟ್ಟರೆ ಲೋಳೆಯಾಗುತ್ತದೆ. ಕೆಟ್ಟ ಎಲೆ ಮಾತ್ರ ಕಿತ್ತು, ಒಣ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಡಬ್ಬಿಯಲ್ಲಿ ಅಥವಾ ಬಾಯಿ ಸ್ವಲ್ಪ ತೆರೆದ ಚೀಲದಲ್ಲಿ ಹಾಕಿ ಫ್ರಿಜ್ಜಿನ ತಳದ ತರಕಾರಿ ಡ್ರಾಯರಿನಲ್ಲಿಡಿ. ಹಿಂಬದಿಯ ಗೋಡೆಗೆ ತಾಗಬಾರದು, ಅಲ್ಲಿ ಹೆಪ್ಪುಗಟ್ಟುತ್ತದೆ. ಬಾಗಿಲಿನಲ್ಲೂ ಬೇಡ, ತೆರೆದಾಗಲೆಲ್ಲ ಬಿಸಿಗಾಳಿ ಹೊಡೆಯುತ್ತದೆ.

ಇಲ್ಲಿ ಯಾರಿಗೂ ಹೊಳೆಯದ ತೊಡಕು ಮಾವಿನಹಣ್ಣು. ಬೇಸಿಗೆಯ ಫ್ರಿಜ್ಜಿನಲ್ಲಿ ಮಾವು ಇದ್ದೇ ಇರುತ್ತದೆ. ಮಾಗುವ ಮಾವು, ಬಾಳೆ, ಸೇಬು, ಟೊಮೆಟೊ ಎಥಿಲೀನ್ ಎಂಬ, ಹಣ್ಣು ಮಾಗಿಸುವ ಅನಿಲ ಬಿಡುತ್ತವೆ. ಲೆಟ್ಯೂಸಿಗೆ ಅದು ಸ್ವಲ್ಪ ಸೋಕಿದರೂ ನಡುದಂಟಿನ ಮೇಲೆ ತುಕ್ಕಿನ ಬಣ್ಣದ ಸಣ್ಣ ಚುಕ್ಕೆಗಳು ಏಳುತ್ತವೆ. ಅದನ್ನು ಕಂಡವರು ರೋಗ ಬಂದಿದೆ, ಔಷಧಿ ಹೊಡೆದಿದ್ದಾರೆ ಎಂದು ಗಾಬರಿಯಾಗುತ್ತಾರೆ. ತಿಂದರೆ ಅಪಾಯವಿಲ್ಲ, ನೋಟ ಮತ್ತು ರುಚಿ ಮಾತ್ರ ಕೆಡುತ್ತದೆ. ಆ ಎರಡು ದಿನ ಹಣ್ಣುಗಳನ್ನು ಹೊರಗೆ ಬುಟ್ಟಿಯಲ್ಲಿಟ್ಟುಬಿಡಿ.

ಅದೇ ರಾತ್ರಿ ಮಾಡಬೇಕಾದ ಇನ್ನೊಂದು ಕೆಲಸ ನೀರು ತಣ್ಣಗಾಗಿಸುವುದು. ಇದಕ್ಕೊಂದು ಲೆಕ್ಕವಿದೆ. ಟ್ಯಾಂಕಿನ 35 ಡಿಗ್ರಿ ನೀರು 5 ಲೀಟರ್ ತೆಗೆದುಕೊಂಡು 5 ಡಿಗ್ರಿಗೆ ಇಳಿಸಲು ಸುಮಾರು ಒಂದು ಮುಕ್ಕಾಲು ಕಿಲೋ ಐಸು ಬೇಕು. ಮನೆ ಫ್ರಿಜ್ಜಿನ ಎರಡು ಟ್ರೇ ಸೇರಿದರೂ ಅರ್ಧ ಕಿಲೋ ಆಗುವುದಿಲ್ಲ. ನಾಲ್ಕು ಗಡ್ಡೆ ಐಸು ಹಾಕಿ ಎಲೆ ಗರಿಗರಿಯಾಗಲಿಲ್ಲ ಎನ್ನುವವರಿಗೆ ತೊಂದರೆ ಆಗುವುದು ಇಲ್ಲೇ. ಅದರ ಬದಲು ಕುಡಿಯುವ ನೀರನ್ನೇ ಬಾಟಲಿ, ಪಾತ್ರೆಗಳಲ್ಲಿ ತುಂಬಿ ರಾತ್ರಿಯೇ ಫ್ರಿಜ್ಜಿನಲ್ಲಿಡಿ. ಬೆಳಗಾಗುವಷ್ಟರಲ್ಲಿ ಅದು 10 ಡಿಗ್ರಿಗೆ ಬಂದಿದ್ದರೆ 5 ಲೀಟರಿಗೆ 300 ಗ್ರಾಂ ಐಸು ಸಾಕಾಗುತ್ತದೆ. ಹೊರಗಿನ ಐಸು ಬೇಡವೇ ಬೇಡ. ಬೇಯಿಸದೆ ತಿನ್ನುವ ಪದಾರ್ಥ ಇದು. ಕರೆಂಟ್ ಹೋಗುವ ಹೊತ್ತು ಗೊತ್ತಿದ್ದರೆ ಅದಕ್ಕೆ ಮೊದಲೇ ನೀರು ಇಟ್ಟು, ಆ ಹೊತ್ತಲ್ಲಿ ಬಾಗಿಲು ತೆರೆಯದೆ ಇರಿ.

ಮರುದಿನ ತೊಳೆಯುವುದಕ್ಕೆ ಬೆಳಗಿನ ಆರು–ಏಳು ಗಂಟೆ ಒಳ್ಳೆಯದು, ನಲ್ಲಿ ನೀರು ಆಗ ಮಾತ್ರ ತಣ್ಣಗಿರುತ್ತದೆ. ಮೊದಲು ಬುಡ. ಐಸ್‌ಬರ್ಗಿನ ಬುಡವನ್ನು ಕೆಳಗೆ ಮಾಡಿ ಮಣೆಯ ಮೇಲೆ ಒಮ್ಮೆ ಗಟ್ಟಿಯಾಗಿ ಕುಕ್ಕಿದರೆ ಒಳಗಿನ ದಂಟು ಸಡಿಲವಾಗುತ್ತದೆ. ಹಿಡಿದು ತಿರುಚಿ ಎಳೆದರೆ ಇಡಿಯಾಗಿ ಬರುತ್ತದೆ. ಆ ತೂತಿನೊಳಗೆ ನಲ್ಲಿ ನೀರು ಬಿಟ್ಟರೆ ಪದರಗಳು ಹರಿಯದೆ ಬಿಚ್ಚಿಕೊಳ್ಳುತ್ತವೆ. ರೋಮೇನಿನ ಬುಡವನ್ನು ಎರಡು ಬೆರಳು ಅಗಲ ಕತ್ತರಿಸಿದರೆ ಎಲೆಗಳು ತಾವೇ ಬೇರೆಯಾಗುತ್ತವೆ. ಕತ್ತರಿಸಿದಲ್ಲಿ ಜಿನುಗುವ ಹಾಲನ್ನು ಒರೆಸಿಬಿಡಿ, ಒಣಗಿದರೆ ಕಂದು ಕಲೆಯಾಗುತ್ತದೆ.

ತೊಳೆಯುವ ವಿಷಯದಲ್ಲಿ ಸೋಮಾರಿತನ ಮಾಡಬಾರದು, ಇದನ್ನು ಒತ್ತಿ ಹೇಳುತ್ತೇನೆ. ಸೊಪ್ಪು ಯಾವ ನೀರಲ್ಲಿ ಬೆಳೆಯಿತೋ ನಮಗೆ ಕಾಣುವುದಿಲ್ಲ. ಚರಂಡಿ ನೀರು ಸೇರಿದ ಹೊಲದ ಹಸಿ ಸೊಪ್ಪಿನಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು, ಲಾಡಿಹುಳುವಿನ ಮೊಟ್ಟೆ ಇರಬಹುದು. ಹಂದಿಯ ಲಾಡಿಹುಳುವಿನ ಮೊಟ್ಟೆ ಹೊಟ್ಟೆಗೆ ಹೋದರೆ ಮರಿ ಹೊರಬಂದು ಮಿದುಳಿನವರೆಗೂ ಹೋಗಿ ಕೂತು ಮೂರ್ಛೆ ರೋಗ ತರುವುದುಂಟು. ಉಪ್ಪು ನೀರು, ವಿನೆಗರ್ ಈ ಮೊಟ್ಟೆಗಳನ್ನು ಕೊಲ್ಲುವುದಿಲ್ಲ. ಹರಿಯುವ ನೀರಿನಡಿ ಒಂದೊಂದೇ ಎಲೆ ಹಿಡಿದು, ಎರಡೂ ಮುಖವನ್ನು, ಮುಖ್ಯವಾಗಿ ದಂಟಿನ ಬುಡದ ಮಡಿಕೆಯನ್ನು ಬೆರಳಿಂದ ಉಜ್ಜಿ ತೊಳೆಯುವುದೇ ದಾರಿ. ಹತ್ತು ಜನರ ಸೊಪ್ಪಿಗೆ ಇಪ್ಪತ್ತೈದು ನಿಮಿಷ ಹಿಡಿಯುತ್ತದೆ. ಹಿಡಿಯಲಿ. ಗರ್ಭಿಣಿಯರು, ಕೀಮೋ ಅಥವಾ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರು ಇದ್ದರೆ ಅವರಿಗೆ ಹಸಿ ಸೊಪ್ಪು ಬಡಿಸದೆ ಬೆಂದ ಪಲ್ಲೆ ಕೊಡಿ.

ನಲ್ಲಿಯ ಕೆಲಸ ಮುಗಿದ ಮೇಲೆ ಮೂರು ಬೋಗುಣಿ ಸಾಲಾಗಿ ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಲೀಟರಿಗೆ ಒಂದು ದೊಡ್ಡ ಚಮಚ ಉಪ್ಪು. ಮಡಿಕೆಯಲ್ಲಿ ಅಂಟಿರುವ ಸಸ್ಯಹೇನು, ಸಣ್ಣ ಹುಳು ಇದರಲ್ಲಿ ಕೈಬಿಟ್ಟು ತೇಲುತ್ತವೆ. ಐದು ನಿಮಿಷ ಸಾಕು. ಹೆಚ್ಚು ಹೊತ್ತು ಬಿಟ್ಟರೆ ಉಪ್ಪು ಎಲೆಯೊಳಗಿನ ನೀರನ್ನು ಹೊರಗೆಳೆದು ಎಲೆ ಸೋಲುತ್ತದೆ. ಎರಡನೆಯದರಲ್ಲಿ ಮೂರು ಲೋಟ ನೀರಿಗೆ ಒಂದು ಲೋಟ ಬಿಳಿ ವಿನೆಗರ್. ಇದು ಬ್ಯಾಕ್ಟೀರಿಯಾ ಕಡಿಮೆ ಮಾಡುತ್ತದೆ, ಪೂರ್ತಿ ತೆಗೆಯುವುದಿಲ್ಲ. ಇಲ್ಲೂ ಐದು ನಿಮಿಷ ದಾಟಿಸಬೇಡಿ. ದಾಟಿದರೆ ಅಂಚು ಮೆತ್ತಗಾಗಿ ಹುಳಿ ಉಳಿಯುತ್ತದೆ. ಆಮೇಲೆ ಕುಡಿಯುವ ನೀರಲ್ಲಿ ಚೆನ್ನಾಗಿ ಜಾಲಾಡಿಸಿ. ಸೋಪು, ಪಾತ್ರೆ ತೊಳೆಯುವ ದ್ರವ ಯಾವತ್ತೂ ಬೇಡ, ಎಲೆ ಅದನ್ನು ಹೀರಿಕೊಳ್ಳುತ್ತದೆ. ಒಂದು ಬೋಗುಣಿಯಿಂದ ಇನ್ನೊಂದಕ್ಕೆ ಹಾಕುವಾಗ ಎಲೆಗಳನ್ನು ಕೈಯಿಂದ ಮೇಲೆತ್ತಿ. ಪಾತ್ರೆ ಬಗ್ಗಿಸಿ ನೀರು ಚೆಲ್ಲಿದರೆ ತಳಕ್ಕೆ ಕೂತ ಮಣ್ಣು ಮತ್ತೆ ಎಲೆಯ ಮೇಲೆಯೇ ಬೀಳುತ್ತದೆ. ಹಲ್ಲಿಗೆ ಸಿಗುವ ಕರಕರ ಮಣ್ಣು ಬರುವುದು ಹೀಗೆ. ಬೋರ್‌ವೆಲ್ಲಿನ ಗಡಸು ನೀರು ಬರುವ ಮನೆಗಳಲ್ಲಿ ಕೊನೆಯ ಸುತ್ತಿಗಾದರೂ ಗಡಸುತನ ತೆಗೆಯುವ ಆರ್‌ಒ ಫಿಲ್ಟರಿನ ನೀರು ಬಳಸಿ. ಇಲ್ಲದಿದ್ದರೆ ಎಲೆ ಒಣಗಿದ ಮೇಲೆ ಬಿಳಿ ಕಲೆ ಕಾಣುತ್ತದೆ.

ಮೂರನೆಯದು ಐಸು ನೀರು. ಎಲೆಗೆ ಜೀವ ಬರುವುದು ಇಲ್ಲಿ. ಎಲೆಯ ಜೀವಕೋಶಗಳೊಳಗೆ ಲವಣ, ಸಕ್ಕರೆ ಇರುತ್ತವೆ, ಹೊರಗೆ ಬರೀ ನೀರು. ಹಾಗಾಗಿ ನೀರು ಒಳಗೆ ನುಗ್ಗಿ ಕೋಶಗಳು ಬಿಗಿಯುತ್ತವೆ. ಹದಿನೈದು ನಿಮಿಷಕ್ಕೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಜೋತಿದ್ದ ತುದಿ ಏಳುತ್ತದೆ, ನಡುದಂಟು ಬಗ್ಗಿಸಿದರೆ ಬಾಗದೆ ಟಕ್ಕೆಂದು ಮುರಿಯುತ್ತದೆ. ತುಂಬಾ ಬಾಡಿದ್ದರೆ ದಂಟಿನ ತುದಿಯನ್ನು ಹೊಸದಾಗಿ ಕೊಂಚ ಕತ್ತರಿಸಿ ಅರ್ಧ ಗಂಟೆ ಬಿಡಿ. ಅರ್ಧ ಗಂಟೆಯಾದರೂ ಏಳದ ಎಲೆಯ ಕೋಶಗಳು ಒಡೆದುಹೋಗಿವೆ, ಅದನ್ನು ಸಲಾಡಿಗೆ ಸೇರಿಸಬೇಡಿ. ಕೊಳೆತಿಲ್ಲದಿದ್ದರೆ ಬೇಳೆ ಹಾಕಿ ಪಲ್ಲೆ ಮಾಡಬಹುದು. ಐಸು ನೀರಲ್ಲೇ ಗಂಟೆಗಟ್ಟಲೆ ಬಿಡುವುದೂ ಬೇಡ, ರುಚಿ ನೀರುನೀರಾಗುತ್ತದೆ.

ಇನ್ನು ಒಣಗಿಸುವುದು. ಇಡೀ ಕೆಲಸದಲ್ಲಿ ಎಲ್ಲರೂ ಅವಸರ ಮಾಡುವ ಹಂತ ಇದೇ. ಎಣ್ಣೆ ಒದ್ದೆ ಎಲೆಗೆ ಹಿಡಿಯುವುದಿಲ್ಲ. ಡ್ರೆಸ್ಸಿಂಗ್, ಅಂದರೆ ಎಲೆಗೆ ಕಲಸುವ ಎಣ್ಣೆ–ಹುಳಿಯ ಮಿಶ್ರಣ, ಎಷ್ಟೇ ರುಚಿಯಾಗಿದ್ದರೂ ಜಾರಿ ತಳದಲ್ಲಿ ಸಪ್ಪೆ ನೀರಾಗಿ ನಿಲ್ಲುತ್ತದೆ. ತಿರುಗಿಸಿ ನೀರು ತೆಗೆಯುವ ಸ್ಪಿನ್ನರ್ ಡಬ್ಬಿ ಇದ್ದರೆ ಅರ್ಧದಷ್ಟು ಮಾತ್ರ ತುಂಬಿ ಎರಡು ಮೂರು ಸಲ ತಿರುಗಿಸಿ, ನಡುವೆ ತಳದ ನೀರು ಚೆಲ್ಲಿ. ಇಲ್ಲದಿದ್ದರೆ ಒಗೆದು ಮೆತ್ತಗಾದ ಹಳೆಯ ಧೋತರ ಅದಕ್ಕಿಂತ ಕಡಿಮೆಯೇನಲ್ಲ. ಎಲೆಗಳನ್ನು ನಡುವೆ ಹಾಕಿ, ನಾಲ್ಕು ಮೂಲೆ ಕೂಡಿಸಿ ಹಿಡಿದು, ಅಂಗಳದಲ್ಲಿ ನಿಂತು ತೋಳು ಪೂರ್ತಿ ಚಾಚಿ ಹತ್ತಿಪ್ಪತ್ತು ಸುತ್ತು ಬೀಸಿ. ನೀರು ಬಟ್ಟೆ ದಾಟಿ ಸಿಡಿಯುತ್ತದೆ. ಮತ್ತೆ ಇನ್ನೊಂದು ಒಣ ಬಟ್ಟೆಯ ಮೇಲೆ ಒಂದೇ ಪದರವಾಗಿ ಹರಡಿ, ಮೇಲೊಂದು ಬಟ್ಟೆ ಹಾಕಿ ಮೆಲ್ಲಗೆ ತಟ್ಟಿ. ಒತ್ತಬೇಡಿ. ಜಜ್ಜಿದ ಜಾಗ ಸಂಜೆಗೆ ಕಂದುತ್ತದೆ. ಫ್ಯಾನಿನಡಿ ಆರಲು ಬಿಡುವುದಂತೂ ನಮ್ಮ ಊರಲ್ಲಿ ಸಲ್ಲದು. ಬೇಸಿಗೆಯ ಗಾಳಿ ಎಷ್ಟು ಒಣದೆಂದರೆ ಮೇಲಿನ ನೀರಿನ ಜೊತೆಗೆ ಒಳಗಿನ ನೀರನ್ನೂ ಎಳೆದುಕೊಳ್ಳುತ್ತದೆ, ಐಸು ನೀರಿನ ಶ್ರಮವೆಲ್ಲ ವ್ಯರ್ಥ.

ಒಣಗಿದ ಎಲೆಯನ್ನು ಡಬ್ಬಿಯಲ್ಲಿ ತಳಕ್ಕೊಂದು ಮೇಲಕ್ಕೊಂದು ಒಣ ಬಟ್ಟೆ ಕೊಟ್ಟು, ತುರುಕದೆ ತುಂಬಿ, ಮುಚ್ಚಿ ಫ್ರಿಜ್ಜಿನಲ್ಲಿಡಿ. ಬೆಳಗ್ಗೆ ಹೀಗಿಟ್ಟದ್ದು ರಾತ್ರಿಗೆ ಇನ್ನೂ ಗರಿಯಾಗಿರುತ್ತದೆ, ಉಳಿದ ತೇವವನ್ನು ಬಟ್ಟೆ ಹೀರಿರುತ್ತದೆ. ಮೂರ್ನಾಲ್ಕು ದಿನವೂ ಇಡಬಹುದು, ಬಟ್ಟೆ ದಿನಕ್ಕೊಮ್ಮೆ ಬದಲಿಸಿ. ಆದರೆ ಎಲೆ ಇಡಿಯಾಗಿಯೇ ಇರಬೇಕು. ತುಂಡು ಮಾಡಿದರೆ ಅಂಚು ಕಂದುವುದು ಆ ಕ್ಷಣವೇ ಶುರು.

ತುಂಡು ಮಾಡುವ ಬಗ್ಗೆ ಎರಡು ಪಂಗಡಗಳಿವೆ. ಕೈಯಿಂದಲೇ ಹರಿಯಬೇಕು, ಚಾಕು ತಾಗಿಸಬಾರದು ಎನ್ನುವವರು ಒಂದು ಕಡೆ, ಚಾಕು ಆಗುತ್ತದೆ ಎನ್ನುವವರು ಇನ್ನೊಂದು ಕಡೆ. ನಿಜ ಹೇಳಬೇಕೆಂದರೆ ಹರಿತವಾದ ಸ್ಟೀಲ್ ಚಾಕು ಕೈಯಿಂದ ಹರಿದದ್ದಕ್ಕಿಂತ ಹೆಚ್ಚು ಹಾನಿ ಮಾಡುವುದಿಲ್ಲ, ಮೊಂಡು ಚಾಕು ಎಲೆಯನ್ನು ಜಜ್ಜಿ ಕಂದಿಸುತ್ತದೆ. ಕಬ್ಬಿಣದ ಈಳಿಗೆ ಮಣೆ ಮಾತ್ರ ಬೇಡ, ಕಬ್ಬಿಣ ತಾಗಿದ ಅಂಚು ಬೇಗ ಕಪ್ಪಾಗುತ್ತದೆ. ನಾನು ಐಸ್‌ಬರ್ಗನ್ನು ಚಾಕುವಿನಿಂದ ಎರಡು ಬೆರಳಗಲ ಕತ್ತರಿಸಿ, ರೋಮೇನನ್ನು ಕೈಯಿಂದ ಒಂದೇ ತುತ್ತಿಗಾಗುವಷ್ಟು ಹರಿಯುತ್ತೇನೆ. ಬಡಿಸುವ ಅರ್ಧ ಗಂಟೆ ಮೊದಲು, ಅದಕ್ಕಿಂತ ಮುಂಚೆ ಬೇಡ.

ಡ್ರೆಸ್ಸಿಂಗಿಗೆ ಆಲಿವ್ ಎಣ್ಣೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಗಾಣದ ಶೇಂಗಾ ಎಣ್ಣೆ ಲೆಟ್ಯೂಸಿಗೆ ಬಹಳ ಚೆನ್ನಾಗಿ ಹೊಂದುತ್ತದೆ. 600 ಗ್ರಾಂ ಎಲೆಗೆ ಎಣ್ಣೆ ಆರು ದೊಡ್ಡ ಚಮಚ, ನಿಂಬೆರಸ ಎರಡರಿಂದ ಎರಡೂವರೆ, ಉಪ್ಪು ಒಂದು ಸಣ್ಣ ಚಮಚ, ಬೆಲ್ಲದ ಪುಡಿ ಅರ್ಧ, ಸಾಸಿವೆ ಪುಡಿ ಅರ್ಧ ಸಣ್ಣ ಚಮಚ, ಕುಟ್ಟಿದ ಕಾಳುಮೆಣಸು. ಕೂಡಿಸುವ ಕ್ರಮ ತಪ್ಪಬಾರದು. ಉಪ್ಪು, ಬೆಲ್ಲ ಎಣ್ಣೆಯಲ್ಲಿ ಕರಗುವುದಿಲ್ಲ, ಮೊದಲು ನಿಂಬೆರಸದಲ್ಲಿ ಕರಗಿಸಿ. ಆಮೇಲೆ ಸಾಸಿವೆ ಪುಡಿ. ಎಣ್ಣೆ ಮತ್ತು ಹುಳಿ ಬೇರೆಬೇರೆಯಾಗದಂತೆ ಅದು ಹಿಡಿದಿಡುತ್ತದೆ. ಕೊನೆಗೆ ಎಣ್ಣೆ ಸಣ್ಣ ಧಾರೆಯಲ್ಲಿ ಹಾಕುತ್ತಾ ಕಡೆಯಿರಿ, ಅಥವಾ ಮುಚ್ಚಳದ ಸೀಸೆಯಲ್ಲಿ ಹಾಕಿ ಅಲುಗಾಡಿಸಿ. ಇದನ್ನು ಮಧ್ಯಾಹ್ನವೇ ಮಾಡಿಡಬಹುದು.

ಜೊತೆಗೆ ಹಾಕುವವುಗಳ ನೀರು ನೋಡಿಕೊಳ್ಳಬೇಕು. ಟೊಮೆಟೊದ ಬೀಜ, ಸೌತೆಕಾಯಿಯ ನಡುಭಾಗ ತೆಗೆದುಬಿಡಿ, ಇಲ್ಲದಿದ್ದರೆ ಅವುಗಳ ನೀರಿಗೇ ಎಲೆ ನೆನೆಯುತ್ತದೆ. ಉಳ್ಳಾಗಡ್ಡಿ ತೆಳುವಾಗಿ ಹೆಚ್ಚಿ ಹತ್ತು ನಿಮಿಷ ಐಸು ನೀರಲ್ಲಿಟ್ಟರೆ ಖಾರ ಇಳಿಯುತ್ತದೆ. ಕೊಪ್ಪಳದ ಕಡೆ ದಾಳಿಂಬೆ ಬೆಳೆಯುತ್ತಾರೆ, ಒಂದು ಹಿಡಿ ಕಾಳು ಹಾಕಿದರೆ ಹುಳಿ–ಸಿಹಿ ಎರಡೂ ಬರುತ್ತವೆ. ಹುರಿದು ಸಿಪ್ಪೆ ತೆಗೆದು ದರದರ ಕುಟ್ಟಿದ ಶೇಂಗಾ ನಾಲ್ಕು ದೊಡ್ಡ ಚಮಚ, ಗುರೆಳ್ಳಿನ ಪುಡಿ ಎರಡು ಸಣ್ಣ ಚಮಚ. ಇವೆರಡು ಕಡೆಯಲ್ಲಿ ಮೇಲೆ ಉದುರಿಸುವಂಥವು, ಮೊದಲೇ ಕಲಸಿದರೆ ಮೆತ್ತಗಾಗುತ್ತವೆ. ಗುರೆಳ್ಳಿನ ಪುಡಿಯಲ್ಲಿ ಉಪ್ಪಿದ್ದರೆ ಡ್ರೆಸ್ಸಿಂಗಿನ ಉಪ್ಪು ಅಷ್ಟು ಕಡಿಮೆ ಮಾಡಿ.

ಕಲಸುವ ಪಾತ್ರೆಯನ್ನೂ ಬಡಿಸುವ ತಟ್ಟೆಯನ್ನೂ ಒಂದು ಗಂಟೆ ಮೊದಲೇ ಫ್ರಿಜ್ಜಿನಲ್ಲಿಡಿ. ಅಡುಗೆಮನೆಯ ಕಟ್ಟೆಯ ಮೇಲಿದ್ದ ಸ್ಟೀಲ್ ಪಾತ್ರೆ ಬೆಚ್ಚಗಿರುತ್ತದೆ, ಎಲೆ ಹಾಕಿದ ಕೂಡಲೇ ಸೋಲುತ್ತದೆ. ಎಲ್ಲರೂ ಕೂತ ಮೇಲೆ, ರೊಟ್ಟಿ ಬಡಿಸಿ ಆದ ಮೇಲೆ ಡ್ರೆಸ್ಸಿಂಗ್ ಹಾಕಿ. ಮೊದಲು ಮುಕ್ಕಾಲು ಭಾಗ ಮಾತ್ರ, ಪಾತ್ರೆಯ ಅಂಚಿಗೆ ಸುತ್ತಲೂ ಸುರಿದು, ಎರಡೂ ಕೈಯಿಂದ ತಳದ ಎಲೆ ಮೇಲಕ್ಕೆ ಬರುವಂತೆ ಎತ್ತಿ ಎತ್ತಿ ಬಿಡಿ. ಒಂದು ಎಲೆ ತಿಂದು ನೋಡಿ, ಬೇಕೆನಿಸಿದರೆ ಉಳಿದದ್ದು. ಎಲೆ ಹೊಳೆಯಬೇಕು, ತಳದಲ್ಲಿ ಕೆರೆ ನಿಲ್ಲಬಾರದು. ಇಲ್ಲಿಂದ ಹತ್ತು ನಿಮಿಷ ಮಾತ್ರ ಅದು ಚೆನ್ನಾಗಿರುತ್ತದೆ. ಉಪ್ಪು ನೀರನ್ನು ಎಳೆಯುತ್ತದೆ, ಎಣ್ಣೆ ಎಲೆಯ ಮೇಣದ ಪದರ ದಾಟಿ ಒಳಗಿಳಿದು ಕಡುಹಸಿರು ಕಲೆ ಮಾಡುತ್ತದೆ. ಜನ ಒಟ್ಟಿಗೆ ಕೂರುವುದಿಲ್ಲ, ಪಂಕ್ತಿ ಪಂಕ್ತಿಯಾಗಿ ಉಣ್ಣುತ್ತಾರೆ ಎಂದಾದರೆ ಎಲೆಯನ್ನು ಎರಡು ಪಾಲು ಮಾಡಿ, ಎರಡನೆಯದನ್ನು ಆ ಪಂಕ್ತಿಗೇ ಕಲಸಿ.

ಡ್ರೆಸ್ಸಿಂಗ್ ತಾಗದ ಎಲೆ ಉಳಿದರೆ ತಡಮಾಡದೆ ಮತ್ತೆ ಡಬ್ಬಿಗೆ ಹಾಕಿ ಫ್ರಿಜ್ಜಿಗೆ. ಕತ್ತರಿಸಿದ ಎಲೆ 32 ಡಿಗ್ರಿ ದಾಟಿದ ಕೋಣೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿದ್ದರೆ ಮತ್ತೆ ತಿನ್ನುವುದಕ್ಕೆ ಇಡಬೇಡಿ, ಬೇಸಿಗೆಯಲ್ಲಿ ನಮ್ಮ ಮನೆಗಳ ಊಟದ ಕೋಣೆ ರಾತ್ರಿಯೂ ಅಷ್ಟಿರುತ್ತದೆ. ಕಲಸಿದ್ದು ಉಳಿದರೆ ದನಕ್ಕೂ ಬೇಡ, ಉಪ್ಪು, ಎಣ್ಣೆ ಇರುತ್ತದೆ. ಬೆಳಗ್ಗೆ ಕಿತ್ತ ಹೊರ ಎಲೆ ಮತ್ತು ಬುಡವನ್ನು ಕೊಳೆತ ಭಾಗ ತೆಗೆದು ತೊಳೆದು ದನಕ್ಕೆ ಹಾಕಬಹುದು.

ಮನೆಯಲ್ಲೇ ಬೆಳೆಯುವ ಮನಸ್ಸಿದ್ದವರಿಗೆ ಒಂದು ಮಾತು. ಮಣ್ಣು 30 ಡಿಗ್ರಿ ದಾಟಿದರೆ ಲೆಟ್ಯೂಸ್ ಬೀಜ ಮೊಳೆಯದೆ ಮಲಗಿಬಿಡುತ್ತದೆ, ಬೀಜ ಕೆಟ್ಟದ್ದೆಂದು ಬೈಯುವಂತಿಲ್ಲ. ದೀಪಾವಳಿ ಕಳೆದ ಮೇಲೆ ಬಿಡಿ ಎಲೆಯ ತಳಿಯನ್ನು ಕುಂಡದಲ್ಲಿ, ಬೀಜದ ಮೇಲೆ ತೆಳ್ಳಗೆ ಮಣ್ಣು ಉದುರಿಸಿ ಬಿತ್ತಿ. ಮಧ್ಯಾಹ್ನ ನೆರಳು ಬೀಳುವ ಜಾಗವಿರಲಿ. ಒಂದೂವರೆ ತಿಂಗಳಿಗೆ ಹೊರಗಿನ ಎಲೆ ಕೀಳಲು ಬರುತ್ತದೆ, ನಡುಗುಡಿ ಬಿಟ್ಟರೆ ಮತ್ತೆ ಚಿಗುರುತ್ತದೆ. ಕೀಳುವುದು ಹೊತ್ತು ಹುಟ್ಟುವ ಮೊದಲೇ ಆಗಲಿ, ರಾತ್ರಿಯೆಲ್ಲ ಬೇರು ಎಳೆದ ನೀರು ಆಗ ಎಲೆಯಲ್ಲೇ ಇರುತ್ತದೆ. ಫೆಬ್ರವರಿ ಕೊನೆಗೆ ನಡುವಿನ ದಂಟು ಏಳತೊಡಗಿದರೆ ಇಡೀ ಗಿಡವನ್ನೇ ಕಿತ್ತು ತಿಂದುಬಿಡಿ, ಒಂದು ವಾರ ಬಿಟ್ಟರೆ ಕಹಿ.